ಮೈಕೈ ನೋವು, ಸುಸ್ತಿಗೆ ಮೆಗ್ನೀಸಿಯಂ ಮಾತ್ರೆ ತೆಗೆದುಕೊಂಡವರು ಇದ್ದೀರಾ? ನಿಜ ಹೇಳಿ

ಹೋಂಸ್ಟೇ_ಅಕ್ಕ (ನಾಪೋಕ್ಲು ಕಡೆ)
ಜುಲೈ 14, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ಮೂರು ಕೋಣೆಯ ಹೋಂಸ್ಟೇ ನಡೆಸುತ್ತೇವೆ, ಜೊತೆಗೆ ನಾಲ್ಕು ಎಕರೆ ತೋಟ. ಮೂರು ವರ್ಷದಿಂದ ಮೈಯೆಲ್ಲ ನೋವು. ಒಂದು ದಿನ ಭುಜ, ಇನ್ನೊಂದು ದಿನ ಸೊಂಟ, ಕೆಲವು ದಿನ ಎಲ್ಲಿ ಅಂತ ಕೈ ಇಟ್ಟು ತೋರಿಸಲೂ ಆಗುವುದಿಲ್ಲ. ಎಂಟು ಗಂಟೆ ಮಲಗಿದರೂ ಬೆಳಿಗ್ಗೆ ಏಳುವಾಗ ರಾತ್ರಿಯೆಲ್ಲ ಕಾಫಿ ಮೂಟೆ ಹೊತ್ತಿದ್ದೇನೆ ಅನ್ನಿಸುತ್ತದೆ. ನಡುರಾತ್ರಿ ಮೀನಖಂಡ ಹಿಡಿದುಕೊಂಡು ಕೂಗಿ ಎದ್ದು ಕೂತಿದ್ದೂ ಉಂಟು. ಒಂದೊಂದು ಸಲ ಕಣ್ಣಿನ ರೆಪ್ಪೆ ತನ್ನಷ್ಟಕ್ಕೆ ಅದುರುತ್ತದೆ. ನಮ್ಮತ್ತೆ ಅದಕ್ಕೆ ಶಕುನ ನೋಡುತ್ತಾರೆ.

ಮೊದಲು ತೋರಿಸಿದ ಕಡೆ "ನಿಮಗೆ ಏನೂ ಇಲ್ಲ, ಟೆನ್ಷನ್ ಅಷ್ಟೇ, ಎಲ್ಲಾದರೂ ಟೂರ್ ಹೋಗಿ ಬನ್ನಿ" ಅಂದರು. ಊರಿನವರೆಲ್ಲ ಟೂರ್ ಬರುವುದೇ ನಮ್ಮ ಮನೆಗೆ, ನಾನು ಎಲ್ಲಿಗೆ ಹೋಗಲಿ? ಕಳೆದ ವರ್ಷ ಮೈಸೂರಿನಲ್ಲಿ ಒಬ್ಬರು ಸರಿಯಾಗಿ ಕೂರಿಸಿಕೊಂಡು ಕೇಳಿ, ಫೈಬ್ರೊಮಯಾಲ್ಜಿಯಾ ಅಂದರು, ಮೈಯೆಲ್ಲ ನೋವು, ಸುಸ್ತು ಬಹಳ ಕಾಲ ಉಳಿಯುವ ಕಾಯಿಲೆಯಂತೆ. ಕಾಯಿಲೆಗೆ ಹೆಸರು ಸಿಕ್ಕಿತಲ್ಲ ಅಂತ ಆವತ್ತು ಅರ್ಧ ನೋವು ಇಳಿದಿತ್ತು. ರಾತ್ರಿಗೆ ಪ್ರಿಗ್ಯಾಬಲಿನ್ ಅಂತ ನರದ ನೋವಿನ ಮಾತ್ರೆ ಕೊಟ್ಟರು. ಸ್ವಲ್ಪ ಉಪಯೋಗ ಇದೆ, ಆದರೆ ಬೆಳಿಗ್ಗೆ ಹತ್ತರವರೆಗೆ ಮಂಪರು.

ಈಗ ಬೆಂಗಳೂರಿನಲ್ಲಿರುವ ತಂಗಿ ಮಗಳು ಒಂದು ಡಬ್ಬಿ ಮೆಗ್ನೀಸಿಯಂ ಗ್ಲೈಸಿನೇಟ್ ಕಳಿಸಿದ್ದಾಳೆ. ಅವಳ ಆಫೀಸಿನಲ್ಲಿ ಎಲ್ಲರೂ ತಿನ್ನುತ್ತಾರಂತೆ. ಮೊಬೈಲ್‌ನಲ್ಲಿ ನೋಡಿದರೆ ನಿದ್ದೆಗೂ ಅದೇ, ನೋವಿಗೂ ಅದೇ, ಕೂದಲಿಗೂ ಅದೇ. ಅಷ್ಟೆಲ್ಲ ಹೇಳಿದ್ದಕ್ಕೇ ಅನುಮಾನ ಬಂತು. ತೆಗೆದುಕೊಂಡವರು ಇದ್ದರೆ ಹೇಳಿ.

ಕರಿಮೆಣಸು (ಸಿದ್ದಾಪುರ)
ಜುಲೈ 14, ರಾತ್ರಿ 10.15

ಅಕ್ಕ, ನಾನು ಡಾಕ್ಟ್ರಲ್ಲ, ತೋಟದವನು. ಆದರೆ ಮೆಗ್ನೀಸಿಯಂ ಅಂದರೆ ನಮಗೆ ಗೊತ್ತು. ಕೊಡಗಿನ ಮಳೆಗೆ ಮಣ್ಣಿನ ಸುಣ್ಣ, ಮೆಗ್ನೀಸಿಯಂ ಎರಡೂ ತೊಳೆದು ಹೊಳೆ ಸೇರುತ್ತವೆ, ಮಣ್ಣು ಹುಳಿಯಾಗುತ್ತದೆ. ಕಾಫಿ ಗಿಡದ ಹಳೆ ಎಲೆ ನೋಡಿ, ನರ ಹಸಿರು ಇರುತ್ತದೆ, ನರದ ನಡುವೆ ಹಳದಿ. ಅದೇ ಮೆಗ್ನೀಸಿಯಂ ಕೊರತೆ. ಡೋಲೋಮೈಟ್ (ಮೆಗ್ನೀಸಿಯಂ ಇರುವ ಸುಣ್ಣದಕಲ್ಲಿನ ಪುಡಿ) ಹಾಕಿ, ಎಪ್ಸಂ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) ಸ್ಪ್ರೇ ಮಾಡಿ, ಗಿಡ ಎದ್ದು ನಿಲ್ಲುತ್ತದೆ. ನಾವು ತಿನ್ನುವುದೂ ಇದೇ ಮಣ್ಣಿನದು, ಕುಡಿಯುವುದೂ ಇದೇ ನೀರು. ಮಣ್ಣಿನಲ್ಲಿ ಇಲ್ಲದ್ದು ನಮ್ಮ ಮೈಯಲ್ಲಿ ಎಲ್ಲಿಂದ ಬರಬೇಕು? ಧೈರ್ಯವಾಗಿ ತೆಗೆದುಕೊಳ್ಳಿ.

ಮಳೆಹುಳು (ಮಡಿಕೇರಿ)
ಜುಲೈ 14, ರಾತ್ರಿ 10.50

ಕರಿಮೆಣಸು ಅಂಕಲ್, ನಿಮ್ಮ ತೋಟದ ಮಣ್ಣನ್ನು ಎರಡು ವರ್ಷಕ್ಕೊಮ್ಮೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಕೇಂದ್ರಕ್ಕೆ ಕೊಟ್ಟು ಪರೀಕ್ಷೆ ಮಾಡಿಸುತ್ತೀರಿ ಅಂತ ನೀವೇ ಹೋದ ವರ್ಷ ಇಲ್ಲಿ ಬರೆದಿದ್ದಿರಿ. ಎಲೆ ಹಳದಿ ಕಂಡ ತಕ್ಷಣ ಡೋಲೋಮೈಟ್ ಸುರಿಯಬೇಡಿ, ಬೇರಿನ ಹುಳ ಇದ್ದರೂ ಹಳದಿಯಾಗುತ್ತದೆ ಅಂತಲೂ ಬರೆದಿದ್ದಿರಿ. ಗಿಡಕ್ಕೆ ಒಂದು ನ್ಯಾಯ, ಅಕ್ಕನಿಗೆ ಒಂದು ನ್ಯಾಯವಾ?

ಮತ್ತೆ, ನಾವು ತಿನ್ನುವ ಅಕ್ಕಿ, ಬೇಳೆ, ಗೋಧಿ ಅರ್ಧಕ್ಕರ್ಧ ಹೊರಗಿನಿಂದ ಬಂದದ್ದು. ಕೊಡಗಿನ ಮಣ್ಣಿಗೆ ಎಲ್ಲ ತಪ್ಪು ಹೊರಿಸಬೇಡಿ.

ಕರಿಮೆಣಸು
ಜುಲೈ 14, ರಾತ್ರಿ 11.05

ನಾನು ಬರೆದದ್ದನ್ನು ನನಗಿಂತ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತೀಯಲ್ಲ ಮಾರಾಯ. ಆಯ್ತು, ಒಪ್ಪಿದೆ.

ನೈಸರ್ಗಿಕ_ಆರೋಗ್ಯ
ಜುಲೈ 15, ಬೆಳಿಗ್ಗೆ 6.30

ಆತ್ಮೀಯರೇ, ಮಾತ್ರೆ ಏಕೆ? ಮೆಗ್ನೀಸಿಯಂ ಎಣ್ಣೆ ಪಾದಕ್ಕೆ ಸ್ಪ್ರೇ ಮಾಡಿ, 7 ದಿನದಲ್ಲಿ ನೋವು ಮಾಯ. ಮೊದಲ 20 ಜನರಿಗೆ ಅರ್ಧ ಬೆಲೆ. ನಂಬರ್ ಬೇಕಾದವರು ಮೆಸೇಜ್ ಮಾಡಿ.

ನಿರ್ವಾಹಕ
ಜುಲೈ 15, ಬೆಳಿಗ್ಗೆ 8.10

ಇಲ್ಲಿ ಮಾರಾಟ ಬೇಡ. ಇದು ಎರಡನೇ ಸಲ. ಮೂರನೇ ಸಲ ಹೇಳುವುದಿಲ್ಲ, ತೆಗೆದುಹಾಕುತ್ತೇನೆ.

ಮೆಡಿಕಲ್_ಶಾಪ್ (ಗೋಣಿಕೊಪ್ಪ)
ಜುಲೈ 15, ಮಧ್ಯಾಹ್ನ 2.20

ಮಧ್ಯಾಹ್ನ ಅಂಗಡಿ ಖಾಲಿ, ಹೊರಗೆ ಮಳೆ, ಹಾಗಾಗಿ ಉದ್ದ ಬರೆಯುತ್ತೇನೆ. ಇಪ್ಪತ್ತೆರಡು ವರ್ಷದಿಂದ ಕೌಂಟರ್ ಹಿಂದೆ ನಿಂತವನು ನಾನು. ಮೆಗ್ನೀಸಿಯಂ ಮೊದಲು ತಿಂಗಳಿಗೆ ಒಂದೆರಡು ಸ್ಟ್ರಿಪ್ ಹೋಗುತ್ತಿತ್ತು. ಈಗ ದಿನಾ ಯಾರಾದರೂ ಮೊಬೈಲ್ ತೋರಿಸಿ "ಇದು ಉಂಟಾ?" ಅಂತ ಕೇಳುತ್ತಾರೆ.

ಮೊದಲು ಡಬ್ಬಿ ಓದುವುದು ಕಲಿಯಿರಿ. ಮುಂದೆ ದೊಡ್ಡದಾಗಿ ಮೆಗ್ನೀಸಿಯಂ ಗ್ಲೈಸಿನೇಟ್ 1000 ಮಿ.ಗ್ರಾಂ ಅಂತ ಇರುತ್ತದೆ. ಅಷ್ಟೂ ಮೆಗ್ನೀಸಿಯಂ ಅಲ್ಲ. ಅದರಲ್ಲಿ ನಿಜವಾದ ಮೆಗ್ನೀಸಿಯಂ ನೂರಕ್ಕೆ ಹದಿನಾಲ್ಕು ಭಾಗ, ಅಂದರೆ 140 ಮಿ.ಗ್ರಾಂ ಆಸುಪಾಸು. ಹಿಂದುಗಡೆ ಸಣ್ಣ ಅಕ್ಷರದಲ್ಲಿ 'ಎಲಿಮೆಂಟಲ್' ಅಂತ ಬರೆದಿರುತ್ತಾರೆ, ಆ ಲೆಕ್ಕ ಮಾತ್ರ ಹಿಡಿಯಬೇಕು. ಆಕ್ಸೈಡ್ ಆದರೆ ನೂರಕ್ಕೆ ಅರವತ್ತು ಭಾಗ ಮೆಗ್ನೀಸಿಯಂ. ನೋಡಲು ಜಾಸ್ತಿ, ಬೆಲೆಯೂ ಕಮ್ಮಿ. ಆದರೆ ಮೈಗೆ ಹತ್ತುವುದು ತೀರಾ ಸ್ವಲ್ಪ, ಉಳಿದದ್ದು ಕರುಳಿನಲ್ಲಿ ನೀರು ಎಳೆದುಕೊಂಡು ಹೊರಗೆ. ಮಲಬದ್ಧತೆಗೆ ಬಿಳಿ ಹಾಲಿನಂಥ ಔಷಧಿ ಕುಡಿಯುತ್ತೀರಲ್ಲ, ಅದೂ ಮೆಗ್ನೀಸಿಯಂನದ್ದೇ. ಸಿಟ್ರೇಟ್ ಆಕ್ಸೈಡ್‌ಗಿಂತ ಚೆನ್ನಾಗಿ ಹತ್ತುತ್ತದೆ, ಆದರೆ ಹೊಟ್ಟೆ ಸಡಿಲ ಮಾಡುತ್ತದೆ. ಗ್ಲೈಸಿನೇಟ್ ಹೊಟ್ಟೆಗೆ ಸ್ವಲ್ಪ ಮೃದು.

ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಊಟವೆಲ್ಲ ಸೇರಿ ಸುಮಾರು 310ರಿಂದ 420 ಮಿ.ಗ್ರಾಂ, ಹೆಂಗಸರಿಗೆ ಕಮ್ಮಿ, ಗಂಡಸರಿಗೆ ಜಾಸ್ತಿ. ಮಾತ್ರೆಯಿಂದ ಬರುವುದು ಮಾತ್ರ 350 ದಾಟಬಾರದು ಅಂತ ಅಮೆರಿಕದವರು ಹೇಳುತ್ತಾರೆ, ಯುರೋಪಿನವರು 250 ಅನ್ನುತ್ತಾರೆ.

ಇದು ಅರ್ಧ ಮಾತು. ಇನ್ನರ್ಧ ಬರೆಯುವ ಮೊದಲು ಅಕ್ಕ ನನಗೆ ಒಂದು ಹೇಳಬೇಕು. ನೀವು ದಿನಾ ತಿನ್ನುವ ಮಾತ್ರೆ ಎಲ್ಲ ಬರೆಯಿರಿ. ಪ್ರಿಗ್ಯಾಬಲಿನ್ ಅಂತ ಒಂದೇ ಹೇಳಿದ್ದೀರಿ. 47 ವರ್ಷದಲ್ಲಿ ಒಂದೇ ಮಾತ್ರೆ ತಿನ್ನುವವರನ್ನು ನಾನು ಈಚೆಗೆ ನೋಡಿಲ್ಲ.

ಹೋಂಸ್ಟೇ_ಅಕ್ಕ
ಜುಲೈ 15, ಸಂಜೆ 7.00

ಹೌದು ಸರ್, ಅದೆಲ್ಲ ಅಭ್ಯಾಸವಾಗಿ ಹೋಗಿದೆ, ಲೆಕ್ಕಕ್ಕೇ ಬರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಥೈರಾಯ್ಡ್ 50, ಅದರ ಜೊತೆಗೇ ಗ್ಯಾಸ್ ಮಾತ್ರೆ ಪ್ಯಾಂಟೊಪ್ರಜೋಲ್. ಗ್ಯಾಸ್ ಮಾತ್ರೆ ನಾಲ್ಕು ವರ್ಷ ಆಯಿತು. ಹದಿನೈದು ದಿನಕ್ಕೆ ಅಂತ ಕೊಟ್ಟಿದ್ದರು, ಬಿಟ್ಟರೆ ಎದೆ ಉರಿ ಬರುತ್ತಿತ್ತು, ಹಾಗೇ ಮುಂದುವರಿಸಿದೆ. ತಿಂಡಿ ಆದ ಮೇಲೆ ಬಿಪಿ ಮಾತ್ರೆ, ಟೆಲ್ಮಿಸಾರ್ಟಾನ್ 40, ಹಿಂದೆ ಎಚ್ ಅಂತ ಇದೆ. ರಾತ್ರಿ ಪ್ರಿಗ್ಯಾಬಲಿನ್.

ಮೆಡಿಕಲ್_ಶಾಪ್
ಜುಲೈ 15, ರಾತ್ರಿ 8.45

ನನಗೆ ಬೇಕಾಗಿದ್ದು ಇದೇ.

ಆ ಎಚ್ ಅಂದರೆ ಹೈಡ್ರೋಕ್ಲೋರೋಥಯಾಜೈಡ್, ಮೂತ್ರ ಜಾಸ್ತಿ ಮಾಡಿಸಿ ಬಿಪಿ ಇಳಿಸುವ ಮಾತ್ರೆ. ಉಪ್ಪಿನ ಜೊತೆ ಪೊಟ್ಯಾಸಿಯಂ, ಮೆಗ್ನೀಸಿಯಂ ಕೂಡ ಮೂತ್ರದಲ್ಲಿ ಹೋಗುತ್ತವೆ. ಇನ್ನು ಗ್ಯಾಸ್ ಮಾತ್ರೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಈ ಗುಂಪಿನವನ್ನು ಒಂದು ವರ್ಷಕ್ಕಿಂತ ಜಾಸ್ತಿ ದಿನಾ ತಿಂದರೆ ಕೆಲವರಿಗೆ ರಕ್ತದಲ್ಲಿ ಮೆಗ್ನೀಸಿಯಂ ಕುಸಿಯುತ್ತದೆ ಅಂತ ಅಮೆರಿಕದ ಔಷಧಿ ಇಲಾಖೆ 2011ರಲ್ಲೇ ಎಚ್ಚರಿಕೆ ಕೊಟ್ಟಿದೆ. ಅವರು ನೋಡಿದ ಪ್ರಕರಣಗಳಲ್ಲಿ ನಾಲ್ಕರಲ್ಲಿ ಒಂದರಷ್ಟು ಜನಕ್ಕೆ ಮೆಗ್ನೀಸಿಯಂ ಕೊಟ್ಟರೂ ಏರಲಿಲ್ಲ, ಗ್ಯಾಸ್ ಮಾತ್ರೆಯನ್ನೇ ನಿಲ್ಲಿಸಬೇಕಾಯಿತು. ಎರಡೂ ಒಟ್ಟಿಗೆ ತಿನ್ನುವವರಿಗೆ ಅಪಾಯ ಇನ್ನೂ ಜಾಸ್ತಿ. ನೀವು ಎರಡೂ ತಿನ್ನುತ್ತೀರಿ, ಗ್ಯಾಸ್ ಮಾತ್ರೆಯಂತೂ ನಾಲ್ಕು ವರ್ಷದಿಂದ.

ರಾತ್ರಿ ಕಾಲು ಹಿಡಿಯುವುದು, ರೆಪ್ಪೆ ಅದುರುವುದು ಅಂದಾಗಲೇ ಅನುಮಾನ ಬಂದಿತ್ತು. ಆದರೆ ಅನುಮಾನ ಅಷ್ಟೇ. ಇವತ್ತೇ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಬಿಪಿ ಮಾತ್ರೆ ಬಿಟ್ಟರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಗ್ಯಾಸ್ ಮಾತ್ರೆ ಒಂದೇ ಸಲ ಬಿಟ್ಟರೆ ಆಮ್ಲ ಮೊದಲಿಗಿಂತ ಜೋರಾಗಿ ಉಕ್ಕುತ್ತದೆ. ನೀವು ಬಿಟ್ಟಾಗ ಎದೆ ಉರಿ ಬಂದಿದ್ದಕ್ಕೆ ಅದೂ ಕಾರಣ ಇರಬಹುದು. ರಕ್ತದಲ್ಲಿ ಮೆಗ್ನೀಸಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವುದು) ಮಾಡಿಸಿ, ಹಾಳೆ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ.

ಇನ್ನೊಂದು. ಮುಂದೆ ಮೆಗ್ನೀಸಿಯಂ ತೆಗೆದುಕೊಳ್ಳುವುದೇ ಆದರೆ ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರ ಇರಲಿ, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ಥರದ ಆ್ಯಂಟಿಬಯೋಟಿಕ್ ಕೊಟ್ಟಾಗಲೂ ಮೆಗ್ನೀಸಿಯಂ ದೂರ ಇರಬೇಕು.

ನಿವೃತ್ತ_ಸಿಸ್ಟರ್ (ವಿರಾಜಪೇಟೆ)
ಜುಲೈ 16, ಬೆಳಿಗ್ಗೆ 7.15

ಮೆಡಿಕಲ್ ಸರ್ ಹೇಳಿದ್ದು ಸರಿ. ಸೂಜಿ ಒಂದು ಸಲ ಚುಚ್ಚುವುದು ಹೇಗೂ ಚುಚ್ಚುತ್ತಾರೆ, ಅದರಲ್ಲೇ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12, ವಿಟಮಿನ್ ಡಿ, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಶುಗರ್ ಮಾಡಿಸಿಬಿಡಮ್ಮ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾವು ಬಿಸಿಲು ನೋಡುವುದು ಎಷ್ಟು? ನೋಡಿದರೂ ಸ್ವೆಟರ್ ಹಾಕಿಕೊಂಡು. ಗ್ಯಾಸ್ ಮಾತ್ರೆ ಬಹಳ ವರ್ಷ ತಿಂದವರಿಗೆ ಬಿ12 ಕೂಡ ಕಮ್ಮಿಯಾಗುತ್ತದೆ, ಸುಸ್ತಿಗೂ ಜೋಮಿಗೂ ಅದೇ ಸಾಕು. ಕೊಲೆಸ್ಟ್ರಾಲ್ ಮಾತ್ರೆ ತಿನ್ನುವವರಿಗೆ ಅದರಿಂದಲೂ ಮಾಂಸಖಂಡ ನೋಯುತ್ತದೆ.

ನಾನು ಡ್ಯೂಟಿಯಲ್ಲಿದ್ದಾಗ ಚಿಕುನ್‌ಗುನ್ಯ ಬಂತಲ್ಲ, 2006ರಲ್ಲಿ. ಜ್ವರ ಮೂರು ದಿನಕ್ಕೆ ಹೋಯಿತು, ಗಂಟು ನೋವು ಕೆಲವರಿಗೆ ವರ್ಷಗಟ್ಟಲೆ ಉಳಿಯಿತು. ಅವರಿಗೂ "ಏನೂ ಇಲ್ಲ" ಅಂತಲೇ ಹೇಳಿ ಕಳಿಸುತ್ತಿದ್ದರು. ಇದ್ದಿದ್ದಕ್ಕೇ ತಾನೇ ನೋಯುವುದು?

ಮಳೆಹುಳು
ಜುಲೈ 16, ಬೆಳಿಗ್ಗೆ 11.30

ನೋವು, ಸುಸ್ತಿಗೆ ಮೆಗ್ನೀಸಿಯಂ ಅನ್ನುವುದು ಎಲ್ಲಿಂದ ಬಂತು ಅಂತ ನಿನ್ನೆ ಕೂತು ಓದಿದೆ. ಆಸಕ್ತಿ ಇಲ್ಲದವರು ಇದನ್ನು ದಾಟಿ ಮುಂದೆ ಹೋಗಿ.

ಕಥೆ ಪೂರ್ತಿ ಸುಳ್ಳಲ್ಲ. ಮೈಯೊಳಗಿನ 300ಕ್ಕಿಂತ ಹೆಚ್ಚು ಕಿಣ್ವಗಳಿಗೆ ಮೆಗ್ನೀಸಿಯಂ ಬೇಕು. ಜೀವಕೋಶ ಶಕ್ತಿಗೆ ಬಳಸುವ ಎಟಿಪಿ ಕೆಲಸ ಮಾಡುವುದೇ ಮೆಗ್ನೀಸಿಯಂಗೆ ಅಂಟಿಕೊಂಡು. ನರಕೋಶದಲ್ಲಿ ಎನ್‌ಎಂಡಿಎ ಅಂತ ಒಂದು ಬಾಗಿಲು ಇದೆ, ನೋವಿನ ಸಂದೇಶ ಜೋರಾಗುವುದು ಅದು ತೆರೆದಾಗ. ಅದಕ್ಕೆ ಮೆಗ್ನೀಸಿಯಂ ಅಗುಳಿ ಇದ್ದ ಹಾಗೆ. ಹಾಗಾಗಿ ಕೊರತೆ ಇದ್ದರೆ ನೋವು, ಸೆಳೆತ, ಸುಸ್ತು ಬರುವುದು ನಿಜ. ಆದರೆ ಕೊರತೆ ಇಲ್ಲದವರಿಗೆ ಇನ್ನಷ್ಟು ಕೊಟ್ಟರೆ ಇನ್ನಷ್ಟು ಲಾಭವಾ? ಅಲ್ಲಿ ಕಥೆ ತೆಳುವಾಗುತ್ತದೆ.

1991ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ದೀರ್ಘಕಾಲದ ಸುಸ್ತಿನ ಕಾಯಿಲೆ ಇದ್ದ 32 ಜನ. ವಾರಕ್ಕೊಂದರಂತೆ ಆರು ವಾರ ಇಂಜೆಕ್ಷನ್, 15 ಜನಕ್ಕೆ ಮೆಗ್ನೀಸಿಯಂ ಸಲ್ಫೇಟ್, 17 ಜನಕ್ಕೆ ಬರೀ ನೀರು. ಮೆಗ್ನೀಸಿಯಂ ಸಿಕ್ಕ 15ರಲ್ಲಿ 12 ಜನ ಉಪಯೋಗವಾಯಿತು ಅಂದರು, ನೀರು ಸಿಕ್ಕ 17ರಲ್ಲಿ 3 ಜನ. ಭಾರೀ ಸುದ್ದಿಯಾಯಿತು. ಆ ರೋಗಿಗಳ ಕೆಂಪು ರಕ್ತಕಣದಲ್ಲಿ ಮೆಗ್ನೀಸಿಯಂ ಕಮ್ಮಿ ಇತ್ತು ಅಂತಲೂ ಅದರಲ್ಲಿತ್ತು. ಆಮೇಲೆ ಬೇರೆಯವರು ಅಳೆದು ನೋಡಿದಾಗ ಆ ಕೊರತೆ ಕಾಣಲಿಲ್ಲ. ಇಂಟರ್ನೆಟ್‌ನಲ್ಲಿ ಮೊದಲನೆಯದನ್ನು ಎಲ್ಲರೂ ಹಾಕುತ್ತಾರೆ, ಆಮೇಲಿನದನ್ನು ಯಾರೂ ಹಾಕುವುದಿಲ್ಲ. ಮತ್ತೆ ಅದು ಇಂಜೆಕ್ಷನ್, ಡಬ್ಬಿ ಮಾತ್ರೆ ಅಲ್ಲ.

ಫೈಬ್ರೊಮಯಾಲ್ಜಿಯಾಗೆ ಮಾಡಿದವೂ ಸಣ್ಣ ಸಣ್ಣ ಅಧ್ಯಯನ. 1995ರಲ್ಲಿ 24 ಜನಕ್ಕೆ ಮ್ಯಾಲಿಕ್ ಆಮ್ಲದ ಜೊತೆ ಮೆಗ್ನೀಸಿಯಂ ಕೊಟ್ಟರು. ಯಾರಿಗೆ ಯಾವುದು ಸಿಕ್ಕಿದೆ ಅಂತ ಗೊತ್ತಿಲ್ಲದಿದ್ದಾಗ ಸ್ಪಷ್ಟ ಲಾಭ ಕಾಣಲಿಲ್ಲ. ಆಮೇಲೆ ಗೊತ್ತಿದ್ದೇ ಜಾಸ್ತಿ ಡೋಸ್ ತಿಂದಾಗ ಕಮ್ಮಿ ಆಯಿತು ಅಂದರು. ಇದನ್ನು ಹೇಗೆ ಬೇಕಾದರೂ ಓದಬಹುದು. ವಯಸ್ಸಾದವರ ಕಾಲು ಸೆಳೆತಕ್ಕೆ ಮೆಗ್ನೀಸಿಯಂ ಹೇಳಿಕೊಳ್ಳುವಷ್ಟು ಉಪಯೋಗ ಮಾಡುವ ಸಾಧ್ಯತೆ ಕಮ್ಮಿ ಅಂತ ಕಾಕ್ರೇನ್ ಅನ್ನುವ ಸಂಶೋಧಕರ ಸಂಸ್ಥೆ 2020ರಲ್ಲಿ ಎಲ್ಲ ಅಧ್ಯಯನ ಸೇರಿಸಿ ನೋಡಿ ಹೇಳಿತು.

ಅಕ್ಕನ ವಿಷಯ ಬೇರೆ. ಅವರಿಗೆ ಕೊರತೆ ಬರಲು ಎರಡು ಕಾರಣ ಕಣ್ಣೆದುರೇ ಇವೆ.

ರಕ್ತ ಪರೀಕ್ಷೆಗೂ ಒಂದು ಮಿತಿ ಇದೆ. ಮೈಯಲ್ಲಿ ಒಟ್ಟು 25 ಗ್ರಾಂ ಮೆಗ್ನೀಸಿಯಂ, ಅರ್ಧಕ್ಕಿಂತ ಜಾಸ್ತಿ ಮೂಳೆಯಲ್ಲಿ. ರಕ್ತದ ಸೀರಂನಲ್ಲಿ, ಅಂದರೆ ಪರೀಕ್ಷೆ ಮಾಡುವ ದ್ರವ ಭಾಗದಲ್ಲಿ, ಇರುವುದು ನೂರಕ್ಕೆ ಒಂದಕ್ಕಿಂತ ಕಮ್ಮಿ. ವರದಿ ನಾರ್ಮಲ್ ಬಂದರೂ ಒಳಗೆ ಕಮ್ಮಿ ಇರಬಹುದು. ಆದರೆ ವರದಿಯಲ್ಲೇ ಕಮ್ಮಿ ಬಂದರೆ ಅದನ್ನು ನಂಬಬೇಕು.

ಕರಿಮೆಣಸು
ಜುಲೈ 16, ಮಧ್ಯಾಹ್ನ 12.10

ಮೇಲ್ಮಣ್ಣು ಪರೀಕ್ಷೆ ಮಾಡಿದ ಹಾಗೆ. ಎರಡಡಿ ಕೆಳಗಿನದು ಗೊತ್ತಾಗುವುದಿಲ್ಲ.

ಅಂದ ಹಾಗೆ, ಗೋಡೌನ್‌ನಲ್ಲಿ ಅರ್ಧ ಚೀಲ ಎಪ್ಸಂ ಉಪ್ಪು ಉಳಿದಿದೆ. ಬಿಸಿನೀರಿಗೆ ಹಾಕಿ ಕಾಲು ಇಟ್ಟುಕೊಂಡರೆ ಆಗಬಹುದಾ?

ನಿವೃತ್ತ_ಸಿಸ್ಟರ್
ಜುಲೈ 16, ಮಧ್ಯಾಹ್ನ 1.00

ಕಾಲು ಇಡಬಹುದು, ಹಾಯಾಗಿರುತ್ತದೆ. ಹಾಯಾಗುವುದು ಬಿಸಿನೀರಿಗೆ. ಚರ್ಮದ ಮೂಲಕ ಲೆಕ್ಕಕ್ಕೆ ಬರುವಷ್ಟು ಮೆಗ್ನೀಸಿಯಂ ಒಳಗೆ ಹೋಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಶುಗರ್ ಇದ್ದು ಪಾದದಲ್ಲಿ ಸ್ಪರ್ಶ ಕಮ್ಮಿ ಇರುವವರು ಬಿಸಿನೀರಿಗೆ ಕಾಲು ಹಾಕಲೇಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ. ಗೊಬ್ಬರದ ಚೀಲದ್ದನ್ನು ಯಾರೂ ಬಾಯಿಗೆ ಹಾಕಬೇಡಿ, ದಯವಿಟ್ಟು. ಹಾಕಿದವರನ್ನು ನೋಡಿದ್ದೇನೆ.

ಕುಶಾಲನಗರದವ
ಜುಲೈ 17, ರಾತ್ರಿ 9.20

ಇಲ್ಲಿ ಯಾರೂ ಕಿಡ್ನಿ ಬಗ್ಗೆ ಬರೆದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನಮ್ಮ ತಂದೆಗೆ 74. ಶುಗರ್‌ನಿಂದ ಕಿಡ್ನಿ ಸ್ವಲ್ಪ ಹೋಗಿತ್ತು, ಕ್ರಿಯಾಟಿನಿನ್ ಏರುತ್ತಾ ಇತ್ತು. ಮಂಡಿನೋವು ಅಂತ ಯಾರೋ ಪರಿಚಯದವರು ಮೆಗ್ನೀಸಿಯಂ ಪುಡಿ ಕೊಟ್ಟರು. ಜೊತೆಗೆ ಮಲಬದ್ಧತೆಗೆ ಆ ಬಿಳಿ ಔಷಧಿ, ಅದೂ ದಿನಾ. ಎರಡರಲ್ಲೂ ಒಂದೇ ಪದಾರ್ಥ ಅಂತ ನಮಗೆ ಗೊತ್ತಿರಲಿಲ್ಲ. ಮೂರು ವಾರಕ್ಕೆ ಅಪ್ಪ ಕೂತಲ್ಲೇ ತೂಗಡಿಸಲು ಶುರು ಮಾಡಿದರು. ಮಾತು ತೊದಲು. ವಯಸ್ಸಾಯಿತು, ಮಳೆಗಾಲ, ಮಲಗಲಿ ಅಂದುಕೊಂಡೆವು. ಒಂದು ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ಆಸ್ಪತ್ರೆಗೆ ಹೋದಾಗ ಬಿಪಿ ತೀರಾ ಕೆಳಗೆ, ನಾಡಿ ನಿಧಾನ. ಪಾರ್ಶ್ವವಾಯು ಅಂತಲೇ ಭಯಪಟ್ಟಿದ್ದೆವು. ರಕ್ತದಲ್ಲಿ ಮೆಗ್ನೀಸಿಯಂ ವಿಪರೀತ ಏರಿತ್ತು. ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟರು, ಒಂದು ಸಲ ಡಯಾಲಿಸಿಸ್ ಮಾಡಿದರು. ಉಳಿದರು.

ಒಳ್ಳೆ ಕಿಡ್ನಿ ಇದ್ದರೆ ಜಾಸ್ತಿಯಾದದ್ದನ್ನು ಹೊರಗೆ ಹಾಕುತ್ತದೆ. ಕಿಡ್ನಿ ಸರಿ ಇಲ್ಲದವರಿಗೆ ಅದು ಒಳಗೇ ಕೂರುತ್ತದೆ. "ಬರೀ ಮಿನರಲ್ ಅಲ್ವಾ, ಏನಾಗುತ್ತೆ" ಅನ್ನುವವರಿಗೆ ಇದನ್ನು ಓದಿಸಿ.

ಹೋಂಸ್ಟೇ_ಅಕ್ಕ
ಜುಲೈ 17, ರಾತ್ರಿ 10.00

ಓದಿ ಎದೆ ಝಲ್ ಅಂದಿತು. ಡಬ್ಬಿ ಇನ್ನೂ ಒಡೆದಿಲ್ಲ. ಮಳೆ ಬಿಟ್ಟ ದಿನ ಮಡಿಕೇರಿಗೆ ಹೋಗಿ ರಕ್ತ ಕೊಟ್ಟು ಬರುತ್ತೇನೆ.

ಬಿದಿರುಕಣಿಲೆ (ಸೋಮವಾರಪೇಟೆ)
ಜುಲೈ 19, ಮಧ್ಯಾಹ್ನ 3.30

ಮಾತ್ರೆ ಮಾತ್ರೆ ಅಂತ ಎಲ್ಲರೂ ಹೊಡೆದಾಡುತ್ತಿದ್ದೀರಿ, ಅಡುಗೆಮನೆ ಕಡೆ ಯಾರೂ ತಿರುಗಿ ನೋಡಲಿಲ್ಲ. ನಮ್ಮ ಕೊಡಗಿನ ಊಟದಲ್ಲಿ ಮೂರು ಹೊತ್ತೂ ಅಕ್ಕಿ. ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ನೆಂಟರು ಬಂದರೆ ಕಡುಬು, ನೂಪುಟ್ಟು. ರುಚಿಗೆ ನಾನು ಎರಡು ಮಾತು ಹೇಳುವುದಿಲ್ಲ, ಕಡುಬಿನ ಜೊತೆ ಪಂದಿ ಕರಿ ಬಿಡಿ ಅಂದರೆ ನನ್ನನ್ನೇ ಊರಿಂದ ಓಡಿಸುತ್ತಾರೆ. ಆದರೆ ಅಕ್ಕಿ ಪಾಲಿಶ್ ಮಾಡುವಾಗ ಮೆಗ್ನೀಸಿಯಂ ತೌಡಿನ ಜೊತೆ ಹೋಗಿಬಿಡುತ್ತದೆ. ಅರ್ಧ ಕಪ್ ಬಿಳಿ ಅನ್ನದಲ್ಲಿ 10 ಮಿ.ಗ್ರಾಂ, ಅಷ್ಟೇ ಕೆಂಪಕ್ಕಿ ಥರದ ತೌಡಿರುವ ಅನ್ನದಲ್ಲಿ 40ರ ಹತ್ತಿರ. ನೂರು ಗ್ರಾಂ ರಾಗಿಯಲ್ಲಿ 140 ಆಸುಪಾಸು. ಕುಶಾಲನಗರ ದಾಟಿದರೆ ಎಲ್ಲರ ಮನೆಯಲ್ಲೂ ರಾಗಿ ಮುದ್ದೆ, ನಾವು ಮಾತ್ರ ಅದು ನಮ್ಮದಲ್ಲ ಅನ್ನುವ ಹಾಗೆ ನೋಡುತ್ತೇವೆ.

ಸಿಹಿಗುಂಬಳದ ಬೀಜವನ್ನು ಎಸೆಯುತ್ತೀರಲ್ಲ, ಅದನ್ನು ತೊಳೆದು ಒಲೆ ಮೇಲೆ ಬೆಚ್ಚಗೆ ಒಣಗಿಸಿ, ಸಿಪ್ಪೆ ಸುಲಿದು ಹುರಿದರೆ ಒಂದು ಹಿಡಿಯಲ್ಲಿ, ಅಂದರೆ 30 ಗ್ರಾಂನಲ್ಲಿ, 150 ಮಿ.ಗ್ರಾಂ ಇದೆ. ಆ ಡಬ್ಬಿಯ ಒಂದು ಮಾತ್ರೆಗೆ ಸಮ. ಸಿಪ್ಪೆ ಸುಲಿಯುವುದು ಬೇಜಾರಿನ ಕೆಲಸ, ಒಪ್ಪುತ್ತೇನೆ. ಮಳೆಗಾಲದಲ್ಲಿ ಬೇರೆ ಏನು ಕೆಲಸ? ಎಳ್ಳು, ಗೋಡಂಬಿ, ಹುರುಳಿ, ಸೊಪ್ಪು ಎಲ್ಲದರಲ್ಲೂ ಇದೆ. ಊಟದಿಂದ ಬಂದ ಮೆಗ್ನೀಸಿಯಂ ಜಾಸ್ತಿಯಾಗಿ ಗಟ್ಟಿ ಕಿಡ್ನಿ ಇರುವ ಯಾರಿಗೂ ತೊಂದರೆ ಆದದ್ದಿಲ್ಲ. ಈಗ ಕಕ್ಕಡ (ನಮ್ಮ ಮಳೆಗಾಲದ ತಿಂಗಳು) ಶುರುವಾಗಿದೆ, ಹದಿನೆಂಟನೇ ದಿನ ಮದ್ದುಸೊಪ್ಪಿನ ಪಾಯಸ ಹೇಗೂ ಮಾಡುತ್ತೀರಿ. ಅದರಲ್ಲಿ ಮೆಗ್ನೀಸಿಯಂ ಎಷ್ಟು ಅಂತ ಮಳೆಹುಳು ಕೇಳಬೇಡ, ಸುಮ್ನೆ ತಿನ್ನು.

ಮಳೆಹುಳು
ಜುಲೈ 19, ಸಂಜೆ 4.00

ಕೇಳುವುದಿಲ್ಲ ಆಂಟಿ. ಆ ಪಾಯಸ ತಿಂದ ಮೇಲೆ ಮೂತ್ರ ಕೆಂಪಾಗುವುದು ಯಾಕೆ ಅಂತ ಮಾತ್ರ ಚಿಕ್ಕಂದಿನಿಂದ ಕೇಳಬೇಕು ಅಂತಿದ್ದೆ.

ಬೆಟ್ಟದ_ಬದಿ (ಭಾಗಮಂಡಲ)
ಜುಲೈ 22, ರಾತ್ರಿ 11.40

ತಡವಾಗಿ ನೋಡಿದೆ. ನನ್ನದು ಕೋವಿಡ್ ಆದ ಮೇಲೆ ಶುರುವಾದ ಸುಸ್ತು. 34 ವರ್ಷ. ಎಂಟು ತಿಂಗಳು ಮೆಗ್ನೀಸಿಯಂ ತಿಂದೆ, ಮೊದಲು ಆಕ್ಸೈಡ್ (ಬಾತ್‌ರೂಮಿನಲ್ಲೇ ವಾಸ), ಆಮೇಲೆ ಗ್ಲೈಸಿನೇಟ್. ನಿದ್ದೆ ಸ್ವಲ್ಪ ಚೆನ್ನಾಗಿ ಬಂತು ಅನ್ನಿಸಿತು. ಸುಸ್ತು ಒಂದು ಕೂದಲಿನಷ್ಟೂ ಕಮ್ಮಿ ಆಗಲಿಲ್ಲ.

ನನಗೆ ಉಪಯೋಗವಾದದ್ದು ಬೇರೆ. ಒಳ್ಳೆ ದಿನ ಸಿಕ್ಕಿತು ಅಂತ ಇಡೀ ದಿನ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಮಾಡಿಸಲು ತೋಟದಲ್ಲಿ ನಿಂತರೆ, ಮುಂದಿನ ನಾಲ್ಕು ದಿನ ಹಾಸಿಗೆ. ಇದು ಸೋಮಾರಿತನ ಅಲ್ಲ, ಈ ಕಾಯಿಲೆಯ ಗುಣವೇ ಹೀಗೆ ಅಂತ ಗೊತ್ತಾಗಲು ಒಂದು ವರ್ಷ ಬೇಕಾಯಿತು. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ದೀರ್ಘಕಾಲದ ಸುಸ್ತಿನ ಕಾಯಿಲೆಗೆ ವ್ಯಾಯಾಮ ಏರಿಸುತ್ತಾ ಹೋಗುವ ಸಲಹೆಯನ್ನೇ ತೆಗೆದುಹಾಕಿದೆ. ಈಗ ಸುಸ್ತಾಗುವ ಮೊದಲೇ ಕೂರುತ್ತೇನೆ. ಮನೆಯವರಿಗೆ ಅರ್ಥ ಮಾಡಿಸುವುದೇ ಕಷ್ಟ. "ಈಗ ತಾನೇ ಚೆನ್ನಾಗಿದ್ದೆಯಲ್ಲ" ಅನ್ನುತ್ತಾರೆ.

ಅಕ್ಕನಿಗೆ ಇದು ಹೊಂದುತ್ತದಾ ಗೊತ್ತಿಲ್ಲ. ಫೈಬ್ರೊಮಯಾಲ್ಜಿಯಾಗೆ ನಿಧಾನವಾಗಿ ನಡಿಗೆ, ವ್ಯಾಯಾಮ ಮಾಡಿದರೆ ಒಳ್ಳೆಯದು ಅನ್ನುತ್ತಾರೆ. ನನ್ನ ಥರದವರಿಗೆ ಉಲ್ಟಾ. ಎರಡನ್ನೂ 'ಸುಸ್ತು' ಅಂತ ಒಂದೇ ಬುಟ್ಟಿಗೆ ಹಾಕುವುದರಿಂದಲೇ ಅರ್ಧ ತಾಪತ್ರಯ.

ಹೋಂಸ್ಟೇ_ಅಕ್ಕ
ಆಗಸ್ಟ್ 6, ರಾತ್ರಿ 8.30

ರಿಪೋರ್ಟ್ ಬಂತು. ಮೆಗ್ನೀಸಿಯಂ 1.3. ಹಾಳೆಯಲ್ಲಿ 1.7ರಿಂದ 2.4 ಇರಬೇಕು ಅಂತ ಇದೆ. ಪೊಟ್ಯಾಸಿಯಂ ಕೂಡ ಸ್ವಲ್ಪ ಕೆಳಗೆ. ಬಿ12 ಕಮ್ಮಿ. ಕ್ರಿಯಾಟಿನಿನ್ ಸರಿ ಇದೆ. ವಿಟಮಿನ್ ಡಿ ಬಗ್ಗೆ ಸಿಸ್ಟರ್ ಹೇಳಿದ್ದು ನಿಜವಾಯಿತು.

ಮೂರು ವರ್ಷದಲ್ಲಿ ಎಷ್ಟು ಡಾಕ್ಟರ ಹತ್ತಿರ ಹೋಗಿದ್ದೇನೆ, ಎಷ್ಟು ಎಕ್ಸ್‌ರೇ, ಒಂದು ಎಂಆರ್‌ಐ ಕೂಡ ಆಯಿತು. ಇದೊಂದು ಯಾರೂ ಬರೆಯಲಿಲ್ಲ. ಬೇಸರ ಅನ್ನಬೇಕೋ ಸಿಟ್ಟು ಅನ್ನಬೇಕೋ ತಿಳಿಯುತ್ತಿಲ್ಲ. ಈ ಸಲ ತೋರಿಸಿದ ಡಾಕ್ಟರ್ ಮಾತ್ರ ಮಾತ್ರೆ ಪಟ್ಟಿ ನೋಡಿ ತಲೆ ಆಡಿಸಿದರು. ಎಚ್ ಇಲ್ಲದ ಬಿಪಿ ಮಾತ್ರೆ ಬರೆದರು. ಗ್ಯಾಸ್ ಮಾತ್ರೆ ದಿನ ಬಿಟ್ಟು ದಿನ, ಆಮೇಲೆ ಬೇಕಾದಾಗ ಮಾತ್ರ. ತಂಗಿ ಮಗಳ ಡಬ್ಬಿ ತೋರಿಸಿದೆ, ಮಧ್ಯಾಹ್ನ ಊಟಕ್ಕೆ ಒಂದು, ರಾತ್ರಿ ಒಂದು, ಆರು ವಾರ ಅಂದರು. ಬಿ12 ಇಂಜೆಕ್ಷನ್ ಬೇರೆ.

ಮೆಡಿಕಲ್_ಶಾಪ್
ಆಗಸ್ಟ್ 6, ರಾತ್ರಿ 9.10

1.3 ಅಂದರೆ ಕಡೆಗಣಿಸುವ ಕೊರತೆ ಅಲ್ಲ. ಪೊಟ್ಯಾಸಿಯಂ ಕಮ್ಮಿ ಇರುವುದೂ ಇದಕ್ಕೇ ಅಂಟಿಕೊಂಡಿರುತ್ತದೆ. ಮೆಗ್ನೀಸಿಯಂ ಸರಿಯಾಗದೆ ಪೊಟ್ಯಾಸಿಯಂ ನಿಲ್ಲುವುದಿಲ್ಲ. ಎದೆ ಡವಡವ ಅಂದರೆ ಕಾಯಬೇಡಿ, ಕೂಡಲೇ ಹೋಗಿ. ಗ್ಯಾಸ್ ಮಾತ್ರೆ ಇಳಿಸುವ ಮೊದಲ ಎರಡು ವಾರ ಉರಿ ಬರುತ್ತದೆ, ಹೆದರಬೇಡಿ. ಕಾಚಂಪುಳಿ (ನಮ್ಮ ಕಪ್ಪು ಹುಳಿ) ಹಾಕಿದ್ದನ್ನು ಸ್ವಲ್ಪ ದಿನ ದೂರ ಇಡಿ.

ಹೋಂಸ್ಟೇ_ಅಕ್ಕ
ಆಗಸ್ಟ್ 6, ರಾತ್ರಿ 9.15

ಕಾಚಂಪುಳಿ ಇಲ್ಲದೆ ನಾನು ಗೆಸ್ಟ್‌ಗಳಿಗೆ ಏನು ಬಡಿಸಲಿ ಸರ್! ರುಚಿ ನೋಡದೆ ಮಾಡುತ್ತೇನೆ ಬಿಡಿ.

ಹೋಂಸ್ಟೇ_ಅಕ್ಕ
ಡಿಸೆಂಬರ್ 11, ರಾತ್ರಿ 9.50

ಪುತ್ತರಿ ಸುಗ್ಗಿ ಹಬ್ಬದ ಗಲಾಟೆಯಲ್ಲಿ ಬರೆಯಲು ಆಗಲಿಲ್ಲ. ಹಲವರು ಮೆಸೇಜ್ ಮಾಡಿ ಕೇಳಿದ್ದೀರಿ, ಹೇಗಿದ್ದೀರಿ ಅಂತ.

ಕಾಲು ಹಿಡಿಯುವುದು ಮೂರನೇ ವಾರಕ್ಕೆ ನಿಂತಿತು. ಇವತ್ತಿನವರೆಗೆ ಒಂದೇ ಸಲ ಬಂದಿದೆ. ರೆಪ್ಪೆ ಅದುರುವುದೂ ಇಲ್ಲ, ಅತ್ತೆಗೆ ಶಕುನ ನೋಡಲು ಬೇರೆ ಏನಾದರೂ ಹುಡುಕಬೇಕಾಗಿದೆ. ಎದೆ ಉರಿ ಹದಿನೈದು ದಿನ ಸತಾಯಿಸಿತು, ಆಮೇಲೆ ಇಳಿಯಿತು. ಮೆಗ್ನೀಸಿಯಂ ಈಗ 1.9. ಡಾಕ್ಟರ್ ಮಾತ್ರೆ ನಿಲ್ಲಿಸಿದ್ದಾರೆ, ಮೂರು ತಿಂಗಳಿಗೆ ಮತ್ತೆ ನೋಡೋಣ ಅಂದಿದ್ದಾರೆ.

ಸುಸ್ತು ಅರ್ಧ ಕಮ್ಮಿ. ನೋವು? ಹೋಗಿಲ್ಲ. ಹತ್ತರಲ್ಲಿ ಏಳು ಇದ್ದದ್ದು ಐದೂವರೆ ಅನ್ನಬಹುದು. ಚಳಿ ಬಿದ್ದ ಬೆಳಿಗ್ಗೆ ಮತ್ತೆ ಏಳೇ. ದಿನಾ ಸಂಜೆ ಹೊಳೆ ತನಕ ನಡೆದು ಬರುತ್ತೇನೆ, ಮೊದಲು ಹತ್ತು ನಿಮಿಷ, ಈಗ ಇಪ್ಪತ್ತೈದು. ಬೆಡ್‌ಶೀಟ್ ಒಗೆಯಲು, ಕೋಣೆ ಗುಡಿಸಲು ಒಬ್ಬ ಹುಡುಗಿಯನ್ನು ಇಟ್ಟುಕೊಂಡೆವು. ಯಜಮಾನರು ಮೊದಲು ಖರ್ಚು ಅಂತ ಗೊಣಗಿದರು, ಈಗ ಅವರೇ ಅವಳಿಗೆ ಕಾಫಿ ಮಾಡಿಕೊಡುತ್ತಾರೆ.

ಯಾವುದರಿಂದ ಎಷ್ಟು ಕಮ್ಮಿಯಾಯಿತು ಅಂತ ಕೇಳಬೇಡಿ. ಬಿ12, ವಿಟಮಿನ್ ಡಿ, ಬಿಪಿ ಮಾತ್ರೆ, ನಡಿಗೆ, ಹುಡುಗಿ, ಎಲ್ಲ ಒಟ್ಟಿಗೇ ಆಯಿತು.

ಮಳೆಹುಳು
ಡಿಸೆಂಬರ್ 11, ರಾತ್ರಿ 10.05

ಕೇಳಬೇಕು ಅಂತಲೇ ಇದ್ದೆ ಅಕ್ಕ. ಸೆಳೆತ ನಿಂತದ್ದು ಮೆಗ್ನೀಸಿಯಂ, ಪೊಟ್ಯಾಸಿಯಂ ಏರಿದ್ದಕ್ಕೆ ಅಂತ ನಾನೂ ಒಪ್ಪುತ್ತೇನೆ. ಉಳಿದದ್ದಕ್ಕೆ ಹುಡುಗಿಗೆ ಸಂಬಳ ಜಾಸ್ತಿ ಮಾಡಿ.

ಬೆಟ್ಟದ_ಬದಿ
ಡಿಸೆಂಬರ್ 12, ಬೆಳಿಗ್ಗೆ 9.00

ಖುಷಿಯಾಯಿತು ಅಕ್ಕ. ನನ್ನದು ಹಾಗೇ ಇದೆ. ನನ್ನ ಮೆಗ್ನೀಸಿಯಂ ಕೂಡ ನೋಡಿಸಿದೆ, 2.1. ಡಬ್ಬಿ ಖಾಲಿಯಾದ ಮೇಲೆ ಮತ್ತೆ ತರಿಸಲಿಲ್ಲ.

ಕರಿಮೆಣಸು
ಡಿಸೆಂಬರ್ 12, ಸಂಜೆ 6.40

ಅಕ್ಕ, ಒಳ್ಳೆ ಸುದ್ದಿ. ಮೆಡಿಕಲ್ ಸರ್, ಒಂದು ಕೇಳಲಾ? ನಮ್ಮ ಮನೆಯವಳಿಗೂ ರಾತ್ರಿ ಕಾಲು ಹಿಡಿಯುತ್ತದೆ, ಬಹಳ ದಿನದಿಂದ. ಕೊಯ್ಲು ಶುರುವಾಗಿದೆ, ಕಣದಲ್ಲಿ ನಿಂತೂ ನಿಂತೂ ಇರಬೇಕು ಅಂದುಕೊಂಡಿದ್ದೆವು. ಏನು ಕೊಡಬಹುದು?

ಮೆಡಿಕಲ್_ಶಾಪ್
ಡಿಸೆಂಬರ್ 12, ರಾತ್ರಿ 7.30

ಅವರು ದಿನಾ ತಿನ್ನುವ ಮಾತ್ರೆ ಎಲ್ಲ ಬರೆಯಿರಿ.

ಕರಿಮೆಣಸು
ಡಿಸೆಂಬರ್ 12, ರಾತ್ರಿ 8.20

ಹುಡುಕುತ್ತಾ ಇದ್ದೇನೆ. ಬಿಸ್ಕೆಟ್ ಡಬ್ಬಿಯಲ್ಲಿ ಏಳು ಥರ ಇದೆ. ಎರಡು ಸ್ಟ್ರಿಪ್‌ನಲ್ಲಿ ಹೆಸರೇ ಉಜ್ಜಿ ಹೋಗಿದೆ. ಬೆಳಿಗ್ಗೆ ಡಬ್ಬಿ ಸಮೇತ ಅಂಗಡಿಗೇ ಬರುತ್ತೇವೆ, ಎಷ್ಟು ಗಂಟೆಗೆ ತೆಗೆಯುತ್ತೀರಿ?